ಅಧಿಕಾರಕ್ಕೆ ಅಂಟಿಕೊಳ್ಳುವ ಹೃದಯ

ಆತ್ಮಶೋಧನೆಯ ಪಾಠ. ಓದತಕ್ಕ ಭಾಗಗಳು: ೧ ಸಮುವೇಲ ೧೮:೬-೧೬, ೩ ಯೋಹಾನ ೯-೧೧.

ಭಾಲ್ಕಿ, ಔರಾದ ಸೀಮೆಗಳಿಂದ ಬೀದರಕ್ಕೆ ಹೋಗಿಬರುವ ನಿಮ್ಮಲ್ಲಿ ಅನೇಕರು ಮಹಮೂದ ಗವಾನನ ಮದರಸವನ್ನು ಕಂಡಿರುವಿರಿ. ೧೪೭೨ರಲ್ಲಿ ಅದನ್ನು ಕಟ್ಟಿಸಿದ ಈ ಮಂತ್ರಿಯು ಬಹಮನಿ ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಭಾಗಿಸಿ, ಒಬ್ಬೊಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೊಂದೇ ಕೋಟೆಯನ್ನು ಉಳಿಸಿದನು. ಅಧಿಕಾರವು ಕುಗ್ಗಿದ್ದನ್ನು ಸಹಿಸಲಾರದ ಸರದಾರರು ಅವನ ಮುದ್ರೆಯೊತ್ತಿದ ಕಾಗದದ ಮೇಲೆ ರಾಜದ್ರೋಹದ ಸುಳ್ಳುಪತ್ರವನ್ನು ಬರೆಯಿಸಿ ಸುಲ್ತಾನನ ಮುಂದಿಟ್ಟರು. ಸುಲ್ತಾನನು ವಿಚಾರಣೆ ಮಾಡದೆ ೧೪೮೧ರಲ್ಲಿ ಆ ವೃದ್ಧನನ್ನು ಕೊಲ್ಲಿಸಿದನು. ಮರುವರುಷ ತಾನೂ ಸತ್ತನು. ತರುವಾಯ ರಾಜ್ಯವು ಒಡೆದು ಐದು ಪಾಲಾಯಿತು. ತಮ್ಮ ಪಾಲನ್ನು ಕಾದುಕೊಂಡವರು ಮನೆಯನ್ನೇ ಒಡೆದರು.

ನಮಗೆ ಕೋಟೆಗಳಿಲ್ಲ. ಆದರೂ ಸಭೆಯ ಹಿರಿತನ, ಕಾಣಿಕೆಯ ಪೆಟ್ಟಿಗೆಯ ಬೀಗದ ಕೈ, ದೇವಾಲಯದ ಮುಂದಿನ ಆಸನ, ಇವೇ ನಮಗೆ ಕೋಟೆಗಳಾಗಬಹುದು. ದಾವೀದನ ಹೊಗಳಿಕೆಯು ಸೌಲನಿಗೆ ವಿಷವಾಯಿತು. ದಿಯೊತ್ರೇಫನು ಮೊದಲಿನ ಸ್ಥಾನದ ಆಶೆಯಿಂದ ಸಹೋದರರನ್ನೇ ಸಭೆಯಿಂದ ಹೊರಗೆ ಹಾಕಿದನು.

ಆದದರಿಂದ ಪ್ರತಿಯೊಬ್ಬನು ದೇವರ ಮುಂದೆ ತನ್ನನ್ನು ಕೇಳಿಕೊಳ್ಳಲಿ:

೧. ಎಳೆಯವನೊಬ್ಬನು ನನಗಿಂತ ಚೆನ್ನಾಗಿ ಸೇವೆಮಾಡುವಾಗ ನನ್ನ ಮನಸ್ಸು ಸಂತೋಷಿಸುವದೋ, ಕುಗ್ಗುವದೋ?

೨. ಸಭೆಯ ಲೆಕ್ಕವನ್ನು ಕೇಳಿದವನನ್ನು ವೈರಿಯೆಂದು ಎಣಿಸುತ್ತೇನೋ?

೩. ಒಬ್ಬನ ಮೇಲೆ ಬಂದ ದೂರು ನನ್ನ ಸ್ಥಾನಕ್ಕೆ ಅನುಕೂಲವಾದದ್ದರಿಂದಲೇ ಅದನ್ನು ವಿಚಾರಿಸದೆ ನಂಬಿದೆನೋ?

ಶಿಷ್ಯರ ಪಾದಗಳನ್ನು ತೊಳೆದ ಕರ್ತನು ನಮ್ಮ ಬಿಗಿಹಿಡಿದ ಕೈಗಳನ್ನು ಸಡಿಲಿಸಲಿ. ಆಮೆನ್.