ಮನಿ ಪ್ಲಾಂಟ್‌ನ ಬಿಳಿ ಬಣ್ಣ ಮನೆಯೊಳಗೂ ಉಳಿಯಬೇಕೆ? ಬೆಳಕು, ನೀರು, ಕತ್ತರಿ ಸರಿಯಾಗಿರಲಿ

ತೋಟದ ಮೂಲೆಯಲ್ಲಿ ಸಣ್ಣದೊಂದು ಶೇಡ್ ನೆಟ್ ಹಾಕಿ, ಕುಂಡದ ಗಿಡ ಬೆಳೆಸಿ ಪಟ್ಟಣಕ್ಕೆ ಕೊಡುವ ಯುವ ರೈತರನ್ನು ನಾನು ಆಗಾಗ ಭೇಟಿ ಮಾಡುತ್ತಿರುತ್ತೇನೆ. ಅವರಲ್ಲಿ ಅನೇಕರು ಹೇಳುವ ದೂರು ಒಂದೇ: "ಕೊಡುವಾಗ ಎಲೆ ಬಿಳಿ, ಹಸಿರು ಬೆರೆತು ಚೆನ್ನಾಗಿತ್ತು ಸರ್. ಗಿರಾಕಿ ಮನೆಗೆ ಹೋಗಿ ಎರಡು ಮೂರು ತಿಂಗಳಿಗೆ ಬರೀ ಹಸಿರು ಬರ್ತಿದೆಯಂತೆ, ಇಲ್ಲಾಂದ್ರೆ ಕೊಳೆತೇ ಹೋಗಿದೆಯಂತೆ." ಒಂದು ಕುಂಡ ಹೋದರೆ ಅದರ ಬೆಲೆ ಮಾತ್ರ ಹೋಗಲ್ಲ, ಆ ಗಿರಾಕಿನೂ ಕೈತಪ್ಪುತ್ತಾರೆ. ಹಾಗಾಗಿ ಈ ವಾರ, ಬಿಳಿ ಬಣ್ಣ ಹೆಚ್ಚಿರುವ 'ಮಾರ್ಬಲ್ ಕ್ವೀನ್' ಮನಿ ಪ್ಲಾಂಟನ್ನು ಮನೆಯೊಳಗೆ ನೋಡಿಕೊಳ್ಳುವುದು ಹೇಗೆ ಎಂದು ತಿಳಿಯೋಣ.

ಬಿಳಿ ಭಾಗದ ಗುಟ್ಟು

ಎಲೆಯ ಹಸಿರು ಭಾಗದಲ್ಲಿ ಪತ್ರಹರಿತ್ತು ಇರುತ್ತದೆ. ಬೆಳಕು ಹಿಡಿದು ಗಿಡಕ್ಕೆ ಅಡುಗೆ ಮಾಡುವುದು ಅದೇ. ಬಿಳಿ ಭಾಗದಲ್ಲಿ ಅದು ತೀರಾ ಕಡಿಮೆ. ಅಂದರೆ ಹಸಿರು ದುಡಿಯುತ್ತದೆ, ಬಿಳಿ ಕೂತು ಉಣ್ಣುತ್ತದೆ. ಒಬ್ಬರ ದುಡಿಮೆಯಲ್ಲಿ ನಾಲ್ಕು ಜನ ಉಣ್ಣುವ ಮನೆಯ ಹಾಗೆ. ಅದಕ್ಕೇ ಮಾರ್ಬಲ್ ಕ್ವೀನ್ ಸಾಮಾನ್ಯ ಮನಿ ಪ್ಲಾಂಟ್‌ಗಿಂತ ನಿಧಾನವಾಗಿ ಬೆಳೆಯುತ್ತದೆ.

ಇಡೀ ಆರೈಕೆ ಇದೊಂದರ ಮೇಲೆ ನಿಂತಿದೆ: ಇದಕ್ಕೆ ಬೆಳಕು ಜಾಸ್ತಿ ಬೇಕು, ನೀರು ಮತ್ತು ಗೊಬ್ಬರ ಕಡಿಮೆ ಸಾಕು. ಮನೆಗಳಲ್ಲಿ ಆಗುವುದು ಉಲ್ಟಾ. ಟಿವಿ ಪಕ್ಕದ ಕತ್ತಲೆ ಮೂಲೆಯಲ್ಲಿಟ್ಟು ದಿನಾ ನೀರು ಹಾಕುತ್ತಾರೆ.

ಬೆಳಕು: ಮೊಬೈಲ್‌ನಲ್ಲೇ ಅಳೆಯಿರಿ

ಪೂರ್ವದ ಕಿಟಕಿಯಿಂದ ಮೂರು ನಾಲ್ಕು ಅಡಿ ಒಳಗಿನ ಜಾಗ ತುಂಬಾ ಒಳ್ಳೆಯದು. ಬೆಳಗಿನ ಎಳೆ ಬಿಸಿಲು ಸ್ವಲ್ಪ ಹೊತ್ತು ಬಿದ್ದರೆ ತೊಂದರೆ ಇಲ್ಲ. ಮಧ್ಯಾಹ್ನದ ನೇರ ಬಿಸಿಲು ಮಾತ್ರ ಬೇಡ, ಬಿಳಿ ಭಾಗ ಮೊದಲು ಸುಟ್ಟು ಕಂದಾಗುತ್ತದೆ. ಪಶ್ಚಿಮದ ಕಿಟಕಿಯಾದರೆ ತೆಳು ಪರದೆ ಇರಲಿ.

ಸುಲಭದ ಪರೀಕ್ಷೆ ಹೇಳ್ತೀನಿ. ಮಧ್ಯಾಹ್ನ 12ರ ಸುಮಾರಿಗೆ ಗಿಡ ಇಡುವ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳು ಮಸುಕಾಗಿ, ಆದರೆ ಕೈಯ ಆಕಾರ ಗೊತ್ತಾಗುವಂತೆ ಬಿದ್ದರೆ ಬೆಳಕು ಸರಿ ಇದೆ. ನೆರಳೇ ಕಾಣದಿದ್ದರೆ ಜಾಗ ಬದಲಿಸಿ. ಮೊಬೈಲ್‌ನಲ್ಲಿ ಉಚಿತ ಲೈಟ್ ಮೀಟರ್ ಆ್ಯಪ್ ಹಾಕಿಕೊಂಡರೂ ಅಂದಾಜು ಸಿಗುತ್ತದೆ. ನನ್ನ ಅನುಭವದಲ್ಲಿ 2,000ದಿಂದ 5,000 ಲಕ್ಸ್ ಇರುವ ಕಡೆ ಬಿಳಿ ಚೆನ್ನಾಗಿ ನಿಲ್ಲುತ್ತದೆ. 1,000ಕ್ಕಿಂತ ಕೆಳಗಾದರೆ ಗಿಡ ಬದುಕಬಹುದು, ಆದರೆ ಹೊಸ ಎಲೆ ಚಿಕ್ಕದಾಗಿ, ಹಸಿರಾಗಿ ಬರುತ್ತದೆ.

ನೀರು ಮತ್ತು ಮಣ್ಣು

ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಅಂತ ಲೆಕ್ಕ ಇಟ್ಕೋಬೇಡಿ. ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಮಾತ್ರ, ತಳದ ತೂತಿನಿಂದ ಹೊರಬರುವಷ್ಟು ನೀರು ಕೊಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಮಳೆಗಾಲ, ಚಳಿಗಾಲದಲ್ಲಿ ಮಣ್ಣು ಒಣಗುವುದು ನಿಧಾನ. ರಾತ್ರಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದಾಗ ಬೆಳವಣಿಗೆಯೇ ನಿಂತಂತೆ ಆಗುತ್ತದೆ, ಆಗ ನೀರು ಇನ್ನೂ ಕಡಿಮೆ ಮಾಡಿ. ಎಲೆ ಹಳದಿಯಾಗಿ, ಬುಡ ಮೆತ್ತಗಾದರೆ ಬೇರು ಕೊಳೆಯುತ್ತಿದೆ ಎಂದರ್ಥ. ಅದಕ್ಕೆ ಮತ್ತೆ ನೀರು ಸುರಿಯಬೇಡಿ.

ಮಿಶ್ರಣಕ್ಕೆ ತೊಳೆದ ಕೋಕೋಪೀಟ್ 2 ಪಾಲು, ಎರೆಗೊಬ್ಬರ 1 ಪಾಲು, ಸುಟ್ಟ ಭತ್ತದ ಹೊಟ್ಟು ಅಥವಾ ದಪ್ಪ ಮರಳು 1 ಪಾಲು ಸಾಕು. ಗಡಸು ಬೋರ್‌ವೆಲ್ ನೀರು ಇರುವ ಕಡೆ ಎಲೆಯ ತುದಿ ಕಂದಾಗುತ್ತದೆ, ಮಣ್ಣಿನ ಮೇಲೆ ಬಿಳಿ ಉಪ್ಪು ಕೂರುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ.

ಬೆಳೆಯುವ ತಿಂಗಳುಗಳಲ್ಲಿ ಆರು ಇಂಚಿನ ಕುಂಡಕ್ಕೆ ತಿಂಗಳಿಗೊಂದು ಹಿಡಿ ಎರೆಗೊಬ್ಬರ ಸಾಕು. ಹೊಲಕ್ಕೆ ಹಾಕುವ ಜೀವಾಮೃತವನ್ನು ಮನೆಯೊಳಗಿನ ಕುಂಡಕ್ಕೆ ಹಾಕಲು ಗಿರಾಕಿಗೆ ಹೇಳ್ಬೇಡಿ. ವಾಸನೆ, ಸಣ್ಣ ನೊಣ ಎರಡೂ ಬರುತ್ತವೆ.

ಹಿಟ್ಟು ತಿಗಣೆ ಕಂಡರೆ ಸೋಪಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ, ಸಂಜೆ ಹೊತ್ತು ಗಿಡವನ್ನು ಹೊರಗಿಟ್ಟು ಸಿಂಪಡಿಸಿ.

ಕತ್ತರಿ: ಬಣ್ಣ ಉಳಿಸುವ ಕೆಲಸ

ಮನಿ ಪ್ಲಾಂಟ್ ಮೂಲತಃ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯದ ಗಿಡ. ಇದು ತಾನಾಗಿ ಹೂ ಬಿಡುವುದು ತೀರಾ ಅಪರೂಪ, ಹಾಗಾಗಿ ಬೀಜದ ಮಾತೇ ಇಲ್ಲ. ನಾವು ನೋಡುವ ಗಿಡಗಳೆಲ್ಲ ಬಳ್ಳಿಯ ತುಂಡಿನಿಂದ ಬಂದವು. ಆದ್ದರಿಂದ ತಳಿಯ ಗುಣ ನಿಮ್ಮ ಕತ್ತರಿಯಲ್ಲಿದೆ.

ಪೂರ್ತಿ ಹಸಿರಾದ ಕುಡಿಗೆ ಆಹಾರ ಜಾಸ್ತಿ, ಅದು ವೇಗವಾಗಿ ಬೆಳೆದು ಬಣ್ಣದ ಕುಡಿಗಳನ್ನು ಹಿಂದೆ ಹಾಕುತ್ತದೆ. ಕಂಡ ಕೂಡಲೇ, ಎರಡೂ ಬಣ್ಣ ಇರುವ ಕೊನೆಯ ಎಲೆಯ ಗೆಣ್ಣಿನವರೆಗೆ ಹಿಂದಕ್ಕೆ ಕತ್ತರಿಸಿ. ಪೂರ್ತಿ ಬಿಳಿಯಾದ ಕುಡಿ ನೋಡಲು ಚಂದ, ಆದರೆ ಸ್ವಂತ ಬಲದ ಮೇಲೆ ಬಾಳಲ್ಲ. ಅದನ್ನು ಬೇರೆ ಕುಂಡಕ್ಕೆ ನೆಟ್ಟು ಮಾರಬೇಡಿ.

ಸಸಿ ಮಾಡಲು ಎಲೆಯನ್ನಷ್ಟೇ ಅಲ್ಲ, ಕಾಂಡವನ್ನೂ ನೋಡಿ. ಕಾಂಡದಲ್ಲಿ ಬಿಳಿ, ಹಸಿರು ಗೆರೆ ಎರಡೂ ಇರುವ ಗೆಣ್ಣನ್ನೇ ಆರಿಸಿ. ಒಂದು ಗೆಣ್ಣು, ಒಂದು ಎಲೆ ಇದ್ದರೆ ಸಾಕು. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಗೆಣ್ಣಿಲ್ಲದ ಬರೀ ಎಲೆ ನೀರಲ್ಲಿ ಬೇರು ಬಿಟ್ಟರೂ ಗಿಡ ಆಗಲ್ಲ.

ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಬೆಳೆಯುವವರಿಗೂ ಒಂದು ಮಾತು. ಅದರ ಎಲೆ ತುಂಡಿನಿಂದ ಬರುವ ಮರಿಗಳಿಗೆ ಹಳದಿ ಅಂಚು ಇರಲ್ಲ, ಬರೀ ಹಸಿರು. ಅಂಚು ಬೇಕಾದರೆ ಬುಡದ ಮರಿಯನ್ನು ಬೇರು ಸಮೇತ ಬೇರ್ಪಡಿಸಿ ನೆಡಬೇಕು.

ಮಾರುವ ಮೊದಲು

ಶೇಡ್ ನೆಟ್‌ನಿಂದ ತೆಗೆದು ನೇರವಾಗಿ ಗಾಡಿಗೆ ಹತ್ತಿಸಬೇಡಿ. ಅಲ್ಲಿನ ಬೆಳಕು ಎಲ್ಲಿ, ಮನೆಯ ಹಾಲ್ ಎಲ್ಲಿ! ಎರಡು ಮೂರು ವಾರ ಜಗುಲಿಯಂಥ ಕಡಿಮೆ ಬೆಳಕಿನ ಜಾಗದಲ್ಲಿಟ್ಟು, ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ. ಹೀಗೆ ಪಳಗಿದ ಗಿಡ ಗಿರಾಕಿ ಮನೆಯಲ್ಲಿ ಎಲೆ ಉದುರಿಸುವುದು ಕಡಿಮೆ.

ಈ ಗಿಡದ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ತಿಂದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಮಕ್ಕಳು, ನಾಯಿ, ಬೆಕ್ಕಿಗೆ ಎಟುಕದಂತೆ ಇಡಲು ಹೇಳಿ. ಕತ್ತರಿಸಿದ ಬಳ್ಳಿಯನ್ನು ದನ, ಮೇಕೆ ಮೇಯುವ ಕಡೆ ಎಸೆಯಬೇಡಿ.

ಕೊನೆಗೆ ಒಂದು ಸಣ್ಣ ಕೆಲಸ. 'ಕಿಟಕಿ ಹತ್ತಿರ ಇಡಿ, ಮಣ್ಣು ಒಣಗಿದ ಮೇಲೆ ನೀರು ಹಾಕಿ, ಪೂರ್ತಿ ಹಸಿರು ಕುಡಿ ಬಂದರೆ ಕತ್ತರಿಸಿ' ಎಂದು ಬರೆದ ಚೀಟಿಯನ್ನು ಪ್ರತಿ ಕುಂಡಕ್ಕೂ ಕಟ್ಟಿ, ಇಲ್ಲವೇ ವಾಟ್ಸಾಪ್‌ನಲ್ಲಿ ಕಳಿಸಿ. ಖರ್ಚು ಏನೂ ಇಲ್ಲ. ಗಿಡ ಬದುಕಿದರೆ ಅದೇ ಮನೆಯವರು ಮುಂದಿನ ಕುಂಡಕ್ಕೆ ನಿಮಗೇ ಫೋನ್ ಮಾಡುತ್ತಾರೆ.