ಪರದೆಯ ಮುಂದೆ ನಿಲ್ಲಿಸಬೇಡಿ

ಗಡಹಿಂಗ್ಲಜ
ಪಾಡ್ಯದ ದಿನ, ಸಂಜೆ

ಪ್ರೀತಿಯ ಮೊಮ್ಮಗಳಿಗೆ ಅಜ್ಜನ ಆಶೀರ್ವಾದ.

ನಿನ್ನ ಫೋನು ಬಂದು ಹೋದ ಮೇಲೆ ನಿಮ್ಮಜ್ಜಿ ಓಣಿಯ ಮೂರು ಮನೆಗೆ ಹೋಗಿ ಸುದ್ದಿ ಹೇಳಿ ಬಂದಳು. ಇಚಲಕರಂಜಿಯಲ್ಲಿ ನಿಮ್ಮ ಹೈಸ್ಕೂಲಿನ ಮಕ್ಕಳೆಲ್ಲ ಸೇರಿ ನಾಟಕ ಆಡುತ್ತೀರಿ, ಬಂದ ಹಣ ಅಂಗವಿಕಲ ಮಕ್ಕಳ ಸಂಸ್ಥೆಗೆ ಕೊಡುತ್ತೀರಿ, ನಿನಗೆ ಪಾರ್ಟೂ ಇದೆ, ಲೆಕ್ಕದ ವಹಿಯೂ ನಿನ್ನ ಕೈಯಲ್ಲೇ ಇದೆ ಅಂದೆ. ಸಂತೋಷಕ್ಕೆ ನನಗೆ ಮಾತೇ ಹೊರಡಲಿಲ್ಲ. ಆದರೆ ಕಡೆಗೆ ಒಂದು ಮಾತಂದೆಯಲ್ಲ, “ಇಂಟರ್ವಲ್ ಆದ ಮೇಲೆ ಗಾಲಿಕುರ್ಚಿಯ ಒಬ್ಬ ಹುಡುಗನನ್ನ ಸ್ಟೇಜ್ ಮೇಲೆ ಕರಕೊಂಡು ಬರ್ತೀವಿ ಅಜ್ಜಾ, ಜನ ಇನ್ನೂ ಜಾಸ್ತಿ ಕೊಡ್ತಾರೆ” ಅಂತ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಕಾಗದ.

ನಾನು ಹನ್ನೊಂದನೆಯ ಇಯತ್ತೆಯಲ್ಲಿದ್ದೆ. ಆಗ ಎಸ್‌ಎಸ್‌ಸಿ ಪರೀಕ್ಷೆ ಇದ್ದದ್ದು ಹನ್ನೊಂದನೆಯದಕ್ಕೆ. ನಮ್ಮೂರಲ್ಲಿ ಒಬ್ಬನ ಕೈ ಕಬ್ಬಿನ ಗಾಣಕ್ಕೆ ಸಿಕ್ಕು ಮೊಣಕೈತನಕ ಹೋಯಿತು. ನಾವು ಹುಡುಗರು ಪಟ್ಟಿ ಎತ್ತಿ, ಎರಡು ತಿಂಗಳು ತಾಲೀಮು ಮಾಡಿ, ಅವನ ಸಹಾಯಾರ್ಥ ನಾಟಕ ಇಟ್ಟೆವು. ಊರಿಗೆ ಊರೇ ಬಂತು. ನಾಟಕ ಅರ್ಧಕ್ಕೆ ಬಂದಾಗ ಪರದೆ ಇಳಿಸಿ, ಅವನನ್ನೂ ಅವನ ಹೆಂಡತಿಯನ್ನೂ ಪರದೆಯ ಮುಂದೆ ನಿಲ್ಲಿಸಿದೆವು. ಆ ವಿಚಾರ ನನ್ನದೇ. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಎಲ್ಲರಿಗೂ ಕಾಣಲಿ ಎಂದು ಅವನ ಅಂಗಿಯ ತೋಳು ಮಡಚಿದವನೂ ನಾನೇ. ಆಯೇರಿ ಮಳೆ ಸುರಿದಂತೆ ಬಂತು. ಒಬ್ಬೊಬ್ಬರ ಹೆಸರು ಕೂಗಿದಂತೆ ಚಪ್ಪಾಳೆ. ಅವಳು ಸೆರಗನ್ನು ಗದ್ದದತನಕ ಎಳೆದುಕೊಂಡು ನಿಂತಿದ್ದಳು. ಅವನು ಒಂದು ಸಲವೂ ತಲೆ ಎತ್ತಲಿಲ್ಲ. ನನ್ನ ಜೊತೆಗೇ ಓದುತ್ತಿದ್ದ ಅವರ ಮಗ ಎರಡನೆಯ ಸಾಲಿನಿಂದ ಎದ್ದು ಕತ್ತಲಿಗೆ ಹೋದದ್ದನ್ನು ನಾನು ವಿಂಗಿನೊಳಗಿಂದ ನೋಡಿದೆ.

ಆ ಹಣದಲ್ಲಿ ಅವರು ಎಮ್ಮೆ ಕೊಂಡರು, ಮನೆ ನಡೆಯಿತು. ಆದರೆ ಅವನು ಬದುಕಿದ್ದಷ್ಟು ದಿನವೂ ನಾನು ಎದುರು ಬಂದರೆ ಬೇರೆ ಓಣಿ ಹಿಡಿಯುತ್ತಿದ್ದ. ಹಣ ಬೇಕಾಗಿತ್ತು ಅವನಿಗೆ, ಅದು ನಿಜ. ಹಾಗೆ ಬೇಕಾಗಿರಲಿಲ್ಲ. ತಂಗೀ, ಇದನ್ನು ನಾನು ನಿಮ್ಮಪ್ಪನಿಗೂ ಹೇಳಿಲ್ಲ.

ಈಗ ನಮ್ಮ ಜಿಲ್ಲೆಯವರೇ ಒಬ್ಬರು ಆಡಿದ ಇನ್ನೊಂದು ಸಹಾಯಾರ್ಥ ನಾಟಕದ ಕತೆ ಕೇಳು. ಕೊಲ್ಹಾಪುರದ ಕೇಶವರಾವ್ ಭೋಸಲೆ ಹುಟ್ಟಿದ್ದು 1890ರಲ್ಲಿ. ಇನ್ನೂ ಚಿಕ್ಕ ಹುಡುಗನಿದ್ದಾಗಲೇ ನಾಟಕ ಕಂಪನಿ ಸೇರಿದವರು. 1908ರಲ್ಲಿ ತಮ್ಮದೇ ‘ಲಲಿತಕಲಾದರ್ಶ’ ಕಂಪನಿ ಕಟ್ಟಿದರು. ಎಲ್ಲಿ ಗೊತ್ತೇ? ನಮ್ಮ ಹುಬ್ಬಳ್ಳಿಯಲ್ಲಿ. ಆಗ ಅವರ ವಯಸ್ಸು ಹದಿನೇಳು, ನಿನಗಿಂತ ಒಂದೆರಡು ವರ್ಷ ಹೆಚ್ಚು ಅಷ್ಟೇ. ನಾಟಕ ಕನ್ನಡದಲ್ಲಿರಲೋ ಮರಾಠಿಯಲ್ಲಿರಲೋ ಎಂದು ನಿಮ್ಮ ತಂಡದಲ್ಲಿ ಜಗಳ ಆಗಿದೆಯಂತಲ್ಲ, ಅವರಿಗೆ ಇದನ್ನೂ ಹೇಳು. ಸಾಂಗಲಿಯಲ್ಲಿ ಕನ್ನಡದ ಭಾಗವತರ ಆಟ ನೋಡಿದ ಮೇಲೆಯೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ್ದು. ಮರಾಠಿ ರಂಗಭೂಮಿ ಅಲ್ಲಿಂದ ಮೊದಲಾಯಿತು ಎನ್ನುತ್ತಾರೆ. ಇಲ್ಲಿ ಆ ಜಗಳಕ್ಕೆ ಅರ್ಥವಿಲ್ಲ. ಎರಡೂ ಬೆರಸಿ ಆಡಿರಿ, ನಮ್ಮ ಸಂತೆಯಲ್ಲಿ ಜನ ಮಾತಾಡುವ ಹಾಗೆ.

ಕೇಶವರಾಯರ ಕಂಪನಿಗೂ ಬಾಲಗಂಧರ್ವರ ಕಂಪನಿಗೂ ಪೈಪೋಟಿ. ಆದರೂ 1921ರ ಜುಲೈ 8ರಂದು ಮುಂಬಯಿಯಲ್ಲಿ ಇಬ್ಬರೂ ಒಂದೇ ರಂಗದ ಮೇಲೆ ನಿಂತರು. ಟಿಳಕ್ ಸ್ವರಾಜ್ಯ ನಿಧಿಗಾಗಿ ಖಾಡಿಲಕರರ ‘ಮಾನಾಪಮಾನ’. ಬಾಲಗಂಧರ್ವರು ಭಾಮಿನಿ, ಕೇಶವರಾಯರು ಧೈರ್ಯಧರ. ಅವತ್ತಿನ ‘ಸಂಯುಕ್ತ ಮಾನಾಪಮಾನ’ದ ಮಾತನ್ನು ಹಳೆಯ ನಾಟಕದವರು ಇವತ್ತಿಗೂ ತೆಗೆಯುತ್ತಾರೆ. ಅದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೇರೆಯೇ ಒಂದು ಸಂಗತಿ. ದೇಶಕ್ಕಾಗಿ ಹಣ ಕೂಡಿಸುವಾಗಲೂ ಅವರು ಆಡಿದ್ದು ಕಣ್ಣೀರಿನ ನಾಟಕವಲ್ಲ, ಪ್ರೀತಿಯ ನಾಟಕ, ಮೈತುಂಬ ಹಾಡಿರುವ ನಾಟಕ. ಬಡವನೆಂದು ಧೈರ್ಯಧರನನ್ನು ಹಳಿದ ಭಾಮಿನಿಯೇ ಕಡೆಗೆ ಅವನಿಗೆ ಮನಸೋಲುತ್ತಾಳೆ. ನಿಧಿಯ ಹೆಸರಲ್ಲಿ ಟಿಕೆಟ್ ಕೊಂಡವರಿಗೆ ನಾಟಕವನ್ನು ಪೂರ್ತಿ ತೂಗಿ ಕೊಟ್ಟರು. ಮೂರು ತಿಂಗಳೂ ತುಂಬುವ ಮೊದಲೇ, ಅಕ್ಟೋಬರ್ 4ರಂದು, ಕೇಶವರಾಯರು ತೀರಿಕೊಂಡರು. ಮೂವತ್ತೊಂದು ವರ್ಷ ಅವರಿಗೆ.

ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ, 1915ರಲ್ಲಿ ಮುಗಿದ ಪ್ಯಾಲೇಸ್ ಥಿಯೇಟರಿಗೆ ಮುಂದೆ ಕೇಶವರಾಯರ ಹೆಸರನ್ನೇ ಇಟ್ಟರು. 2024ರ ಆಗಸ್ಟ್ 8ರ ರಾತ್ರಿ, ಬೆಳಗಾದರೆ ಅವರ ಜಯಂತಿ ಅನ್ನುವಾಗ, ಆ ನಾಟ್ಯಗೃಹ ಬೆಂಕಿಗೆ ಸಿಕ್ಕಿತು. ಟಿವಿಯಲ್ಲಿ ನೋಡುತ್ತ ನಾನು ಊಟ ಬಿಟ್ಟೆ. ನಿನಗೆ ನೆನಪಿರಬಹುದು, ನೀನು ಅವತ್ತು ನನ್ನ ಪಕ್ಕದಲ್ಲೇ ಕೂತಿದ್ದೆ.

ಕೊಲ್ಹಾಪುರಕ್ಕೆ ಹೋದಾಗ ‘ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್’ ಸಂಸ್ಥೆಯನ್ನೂ ನೋಡಿ ಬನ್ನಿ. ನಸೀಮಾ ಹುರಜೂಕ್ ಹದಿಹರೆಯದಲ್ಲೇ ಸೊಂಟದ ಕೆಳಗಿನ ಸ್ವಾಧೀನ ಕಳಕೊಂಡು ಗಾಲಿಕುರ್ಚಿ ಹಿಡಿದವರು. 1984ರಲ್ಲಿ ಅದನ್ನು ಕಟ್ಟಿದರು. ವಸತಿ, ಶಾಲೆ, ಕೆಲಸದ ತರಬೇತಿ ಎಂದು ಎಷ್ಟೋ ಮಂದಿಯ ಬದುಕಿಗೆ ಅದು ಆಸರೆ ಆಯಿತು. ಅವರ ಆತ್ಮಕಥೆ ‘ಚಾಕಾಚೀ ಖುರ್ಚೀ’ ನನ್ನ ಕಪಾಟಿನಲ್ಲಿದೆ, ಬಂದಾಗ ಒಯ್ಯಿ. ಅಲ್ಲಿ ಕರುಣೆಯ ಮುಖ ಹೊತ್ತು ಹೋಗಬೇಡಿ. ನೀವು ಯಾವ ಸಂಸ್ಥೆಗಾಗಿ ನಾಟಕ ಆಡುತ್ತೀರೋ ಅಲ್ಲಿಯ ಮಕ್ಕಳನ್ನೇ ಮೊದಲು ಕೇಳಿ, ನಮ್ಮಿಂದ ಏನಾಗಬೇಕು ಎಂದು. ಅವರಲ್ಲಿ ಯಾರಿಗಾದರೂ ಪಾರ್ಟು ಮಾಡುವ ಆಸೆ ಇದ್ದರೆ ಪಾರ್ಟು ಕೊಡಿ. ಮಾತು ಇರುವ ಪಾರ್ಟು, ನಗಿಸುವ ಪಾರ್ಟು, ಬೇಕಾದರೆ ಖಳನಾಯಕನದೂ. ಗಾಲಿಕುರ್ಚಿಯ ಹುಡುಗ ರಾಜನಾಗಿ ರಂಗಕ್ಕೆ ಬಂದರೆ ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ. ತನ್ನ ಕಾಲು ತೋರಿಸಲಿಕ್ಕೆ ಬಂದರೆ ನನ್ನಿಂದ ನೋಡಲಾಗದು.

ಅಮೆರಿಕದ ಕೆಲವು ಹೈಸ್ಕೂಲುಗಳ ನಾಟಕ ತಂಡದ ಮಕ್ಕಳು ಹ್ಯಾಲೋವೀನ್ ಹಬ್ಬದಲ್ಲಿ ವೇಷ ಹಾಕಿ ಮನೆಮನೆಗೆ ಹೋಗುತ್ತಾರಂತೆ. ಮಿಠಾಯಿ ಕೇಳುವುದನ್ನು ಬಿಟ್ಟು ಡಬ್ಬಿಯ ಆಹಾರ ಬೇಡಿ ತಂದು, ಊರಿನ ಹಸಿದವರಿಗೆ ಹಂಚುವಲ್ಲಿ ಕೊಡುತ್ತಾರೆ. ಜೋಳಿಗೆ ಹಿಡಿದವರು ಅವರೇ. ಹಸಿದವರನ್ನು ಬಾಗಿಲಿಂದ ಬಾಗಿಲಿಗೆ ನಡೆಸಲಿಲ್ಲ ನೋಡು, ಅದು ನನ್ನ ಮನಸ್ಸಿಗೆ ಬಂತು.

ಇನ್ನು ಲೆಕ್ಕದ ಮಾತು. ಡ್ರೆಸ್ ಬಾಡಿಗೆ, ಲೈಟು, ಪೇಟಿ ಮಾಸ್ತರರ ಸಂಭಾವನೆ, ಚಹಾ, ಎಲ್ಲ ಬರೆದಿಡು. ಉಳಿದದ್ದೆಷ್ಟು, ಕೊಟ್ಟದ್ದೆಷ್ಟು ಎಂದು ಶಾಲೆಯ ಬೋರ್ಡಿಗೆ ಹಚ್ಚು. ಸಂಸ್ಥೆಯಿಂದ ಪಾವತಿ ತೆಗೆದುಕೋ. ಮಗ್ಗದವರ ಪಾಳಿ ಬದಲಾಗುವ ಹೊತ್ತನ್ನು ತಪ್ಪಿಸಿ ನಾಟಕದ ಹೊತ್ತು ಇಟ್ಟುಕೊಳ್ಳಿ. ಇಚಲಕರಂಜಿಯಲ್ಲಿ ಮಗ್ಗದವರು ಬರದಿದ್ದರೆ ಖುರ್ಚಿ ತುಂಬುವುದಿಲ್ಲ. ಹಾಲ್ ಗೊತ್ತು ಮಾಡುವ ಮೊದಲು ಬಾಗಿಲಲ್ಲಿ ಮೆಟ್ಟಿಲು ಎಷ್ಟಿವೆ ಎಣಿಸು. ಗಾಲಿಕುರ್ಚಿ ಹತ್ತದ ಹಾಲ್ ನಿಮಗೆ ಬೇಡ. ಹಲಗೆ ಹಾಕಿ ಇಳಿಜಾರು ಮಾಡಲು ಬಡಿಗರು ಬೇಕಿದ್ದರೆ ನನಗೆ ತಿಳಿಸು. ಮತ್ತೆ, ತಾಲೀಮು ತಪ್ಪಿಸಬೇಡ. ಒಳ್ಳೆಯ ಕೆಲಸಕ್ಕೆ ಮಾಡುವುದು, ಜನ ಹೊಂದಿಸಿಕೊಳ್ಳುತ್ತಾರೆ ಎಂದು ನಾಟಕವನ್ನು ಹಗುರ ಮಾಡಿದರೆ ಆ ಮಕ್ಕಳ ಹೆಸರನ್ನೇ ಹಗುರ ಮಾಡಿದ ಹಾಗೆ.

ಈ ಕಾಗದದ ಜೊತೆ ಮೂರು ಟಿಕೆಟಿನ ಹಣ ಇಟ್ಟಿದ್ದೇನೆ. ಪಾಸು ಬೇಡ. ನನಗೊಂದು, ನಿಮ್ಮಜ್ಜಿಗೊಂದು. ಮೂರನೆಯದು, ಆ ರಾತ್ರಿ ಎರಡನೆಯ ಸಾಲಿನಿಂದ ಎದ್ದು ಹೋದನಲ್ಲ, ಅವನಿಗೆ. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ನಿನ್ನೆ ಅವನ ಮನೆಗೆ ಹೋಗಿ ಕರೆದೆ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ನಿಪ್ಪಾಣಿ ಮೇಲೆ ಬರುವ ಮಧ್ಯಾಹ್ನದ ಎಸ್‌ಟಿ ಯಾವುದು ಎಂದಷ್ಟೇ ಕೇಳಿದ.

ನಿನ್ನ
ಅಜ್ಜ