ನೀರಿನ ಮೂರು ರೂಪ: ಅಡುಗೆಮನೆಯಲ್ಲೇ ಒಂದು ಪಾಠ



‘ಘನ, ದ್ರವ, ಅನಿಲ’ ಅಂತ ನಮ್ಮ ಮಕ್ಕಳು ಬಾಯಿಪಾಠ ಮಾಡ್ತಾರೆ. ಹಾಗಂದ್ರೆ ಏನು ಅಂತ ಕೇಳಿದರೆ ಸುಮ್ಮನಾಗ್ತಾರೆ. ಈ ಪಾಠಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ. ವಕ್ಕಲೇರಿ ಸುತ್ತಮುತ್ತಲಿನ ನಮಗೆ ಇದು ಕುಡಿಯುವ ನೀರಿನ ಪಾಠವೂ ಹೌದು. ಮೊದಲು ನಾವು ತಿಳಿದುಕೊಳ್ಳೋಣ, ಆಮೇಲೆ ಮಕ್ಕಳಿಗೆ ಹೇಳಿಕೊಡೋಣ.

ಮೂರು ರೂಪಗಳು

1. ಘನ: ಐಸ್ ಗಡ್ಡೆ. ಎಲ್ಲಿ ಇಟ್ಟರೂ ತನ್ನ ಆಕಾರ ಬಿಡುವುದಿಲ್ಲ. ನೀರು 0 ಡಿಗ್ರಿಯಲ್ಲಿ ಗಡ್ಡೆ ಕಟ್ಟುತ್ತದೆ.

2. ದ್ರವ: ನಾವು ಕುಡಿಯುವ ನೀರು. ಬಿಂದಿಗೆಗೆ ಹಾಕಿದರೆ ಬಿಂದಿಗೆಯ ಆಕಾರ, ಲೋಟಕ್ಕೆ ಹಾಕಿದರೆ ಲೋಟದ ಆಕಾರ.

3. ಅನಿಲ: ಆವಿ. ಇದಕ್ಕೆ ಆಕಾರವಿಲ್ಲ, ಸಿಕ್ಕಷ್ಟು ಜಾಗಕ್ಕೆಲ್ಲ ಹರಡಿಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಮ್ಮ ಕೋಲಾರ ಸೀಮೆ 800 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯದೇ ಇದ್ದರೂ ನೀರು ಆವಿಯಾಗುತ್ತದೆ. ಒಗೆದ ಬಟ್ಟೆ ಒಣಗುವುದು ಹೀಗೇ.

ಮಾಡಿ ನೋಡಿ

ಒಂದು ಪಾತ್ರೆ ನೀರಿಗೆ ಎರಡು ಚಮಚ ಉಪ್ಪು ಹಾಕಿ ಕರಗಿಸಿ. ಒಲೆಯ ಕೆಲಸ ದೊಡ್ಡವರೇ ಮಾಡಿ, ಮಕ್ಕಳು ದೂರ ನಿಂತು ನೋಡಲಿ. ನೀರು ಮೆಲ್ಲಗೆ ಕುದಿಯುವಾಗ ಮೇಲೆ ತಟ್ಟೆ ಮುಚ್ಚಿ. ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ತಟ್ಟೆಯ ಒಳಗೆ ಹನಿಗಳು ಕಾಣುತ್ತವೆ. ಆರಿದ ಮೇಲೆ ಆ ಹನಿಯನ್ನು ಮಕ್ಕಳ ನಾಲಿಗೆಗೆ ಇಡಿ. ಉಪ್ಪು ಇರುವುದಿಲ್ಲ! ಪಾತ್ರೆಯ ನೀರು ಪೂರ್ತಿ ಬತ್ತಿದರೆ ಉಪ್ಪೆಲ್ಲ ತಳದಲ್ಲೇ ಉಳಿದಿರುತ್ತದೆ.

ಕಲಿತದ್ದು ಏನು? ಆವಿಯಾಗಿ ಹೋಗುವುದು ನೀರು ಮಾತ್ರ. ಅದರಲ್ಲಿ ಕರಗಿದ ಲವಣ ಹಿಂದೆ ಉಳಿಯುತ್ತದೆ.

ನಮಗೆ ಇದು ಯಾಕೆ ಮುಖ್ಯ?

ಕೋಲಾರ ಜಿಲ್ಲೆಯ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಆಳದ ಬಂಡೆಗಳಿಂದ ಅದು ನೀರಿಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಂದಲೂ ಗೊತ್ತಾಗುವುದಿಲ್ಲ. ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಆಗಬಹುದು ಅಂತ ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬರುತ್ತದೆ. ಬಹಳ ವರ್ಷ ಕುಡಿದರೆ ಮೂಳೆ, ಕೀಲು ಬಿಗಿದು ನೋಯುತ್ತವೆ.

‘ನಾವು ಕಾಯಿಸಿ ಕುಡೀತೀವಲ್ಲ, ಏನಾಗುತ್ತೆ?’ ಅಂತ ಎಷ್ಟೋ ಜನ ಅಂದುಕೊಂಡಿದ್ದೇವೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್ ಉಪ್ಪಿನ ಹಾಗೆ ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಇರುವ ಎರಡು ಲೀಟರ್ ನೀರನ್ನು ಒಂದು ಲೀಟರಿಗೆ ಬತ್ತಿಸಿದರೆ ಅದು ಲೀಟರಿಗೆ 3 ಮಿಲಿಗ್ರಾಂ ಆಗುತ್ತದೆ. ಕಡಿಮೆಯಂತೂ ಆಗುವುದೇ ಇಲ್ಲ.

ಮಳೆ ಹೇಗೆ ಬರುತ್ತದೆ ನೋಡಿ. ಬಿಸಿಲಿಗೆ ನೀರು ಆವಿಯಾಗಿ ಮೇಲೇರಿ, ತಣ್ಣಗಾಗಿ ಹನಿಯಾಗುತ್ತದೆ, ನಮ್ಮ ತಟ್ಟೆಯ ಹನಿಯ ಹಾಗೇ. ಅದಕ್ಕೇ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ನಾವು ಮಾಡಬೇಕಾದದ್ದು

- ಊರಿನ ನೀರಿನ ಪರೀಕ್ಷೆಯ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳೋಣ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಮಾರ್ಗಸೂಚಿಯಲ್ಲಿ ಪ್ರತಿ ಊರಿನ ಐದು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕು ಎಂದಿದೆ. ನಮ್ಮ ಸಂಘದವರೇ ಯಾಕೆ ಆಗಬಾರದು?
- ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ತರೋಣ. ಬೋರ್ ನೀರು ಸ್ನಾನಕ್ಕೆ, ಬಟ್ಟೆಗೆ ಇರಲಿ.
- ಮನೆ ಮೇಲೆ ಬಿದ್ದ ಮಳೆನೀರು ಹಿಡಿಯೋಣ. ಮೊದಲ ಮಳೆ ಬಿಟ್ಟುಬಿಡಿ, ಹಿಡಿದದ್ದನ್ನು ಸೋಸಿ, ಕಾಯಿಸಿ ಕುಡಿಯಿರಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣುತ್ತಿದೆಯೇ?
2. ನಮ್ಮ ನಲ್ಲಿ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ?
3. ತಟ್ಟೆಯ ಪ್ರಯೋಗವನ್ನು ಮನೆಯಲ್ಲಿ ಯಾರು ಯಾರು ಮಾಡಿದಿರಿ? ಮಕ್ಕಳು ಏನು ಕೇಳಿದರು?